ಮಾಗಡಿ ಕೆರೆ ಬದಿಯ ಮಾಳಿಗೆ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿಯಿಂದ ಎರಡು ಹೊಲ ದಾಟಿದರೆ ನಮ್ಮ ಹಳೆಯ ತೋಟದ ಮನೆ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ (ನಮ್ಮ ಕಡೆ ಮಾಳಿಗೆ ಅಂದರೆ ಸಪಾಟಾದ ಚಾವಣಿ). ಬೀಳುವ ಹಂತಕ್ಕೆ ಬಂದಿದ್ದ ಮನೆಯನ್ನು ದುರಸ್ತಿ ಮಾಡಿಸಿ, ಈಗ ಬಂದವರಿಗೆ ಉಳಿಯಲು ಕೊಡುತ್ತಿದ್ದೇವೆ. ಫೋನಿನಲ್ಲಿ, ಪತ್ರಗಳಲ್ಲಿ, ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಕೂತಾಗ ಜನ ಮತ್ತೆ ಮತ್ತೆ ಕೇಳುವುದನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಮೊದಲಿಗೆ ಬರುವವರಿಗೆ ಬೇಕಾದ ವಿಷಯ. ಆಮೇಲೆ ಮನೆ, ಕೆರೆ, ಈ ಸೀಮೆಯ ಚರಿತ್ರೆ. ಕೊನೆಯಲ್ಲಿರುವುದು ಊರಲ್ಲಿ ಸ್ವಂತ ಹಳೆಮನೆ ಇರುವವರಿಗೆ.

## ಬರುವ ಮೊದಲು

ಮಾಗಡಿ ಅಂದ್ರೆ ಬೆಂಗಳೂರು ಪಕ್ಕದ ಕೆಂಪೇಗೌಡರ ಮಾಗಡಿನಾ?

ಅಲ್ಲ. ಇದು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಫೋನಿನ ನಕ್ಷೆಯಲ್ಲಿ ಬರೀ ‘ಮಾಗಡಿ’ ಎಂದು ಹಾಕಿದರೆ ದಾರಿ ಬೆಂಗಳೂರಿನ ಕಡೆಗೇ ತಿರುಗಬಹುದು. ‘ಮಾಗಡಿ ಕೆರೆ, ಶಿರಹಟ್ಟಿ’ ಎಂದು ಹುಡುಕಿ.

ನಮ್ಮ ಹತ್ರ ಕಾರಿಲ್ಲ. ಹುಬ್ಬಳ್ಳಿಯಿಂದ ಬಸ್ಸಲ್ಲಿ ಬರೋಕಾಗುತ್ತಾ?

ಆಗುತ್ತದೆ. ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿ.ಮೀ.; ರೈಲೂ ಇದೆ, ಬಸ್ಸೂ ಇದೆ. ಗದಗಿನಿಂದ ಮಾಗಡಿ 26 ಕಿ.ಮೀ. ಲಕ್ಷ್ಮೇಶ್ವರದ ಕಡೆಯಿಂದ ಬರುವವರಿಗೆ 11 ಕಿ.ಮೀ., ಶಿರಹಟ್ಟಿಯಿಂದ 8. ಬಸ್ಸು ಹತ್ತುವ ಮುಂಚೆ ಮಾಗಡಿಯಲ್ಲಿ ನಿಲ್ಲಿಸುತ್ತಾರೋ ಇಲ್ಲವೋ ಎಂದು ಕಂಡಕ್ಟರನ್ನು ಒಂದು ಮಾತು ಕೇಳಿ. ಊರಿನ ನಿಲ್ದಾಣಕ್ಕೆ ನಮ್ಮವರು ಬಂದು ಕರೆದುಕೊಂಡು ಹೋಗುತ್ತಾರೆ. ಕತ್ತಲಾಗುವುದರೊಳಗೆ ತಲುಪುವ ಹಾಗೆ ಹೊರಡಿ. ಹೊಲದ ದಾರಿಯಲ್ಲಿ ದೀಪಗಳಿಲ್ಲ, ಹಾಕಿಸುವ ವಿಚಾರವೂ ನಮಗಿಲ್ಲ. ಕೆರೆಯ ಹಕ್ಕಿಗಳಿಗೆ ರಾತ್ರಿ ಕತ್ತಲೆ ಬೇಕು.

ಯಾವ ತಿಂಗಳಲ್ಲಿ ಬಂದ್ರೆ ಚೆನ್ನಾಗಿರುತ್ತೆ?

ಹಕ್ಕಿಗಾಗಿ ಬರುವುದಾದರೆ ಡಿಸೆಂಬರ್, ಜನವರಿ. ಚಳಿಗಾಲಕ್ಕೆ ವಲಸೆ ಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರ್ ಹೊತ್ತಿಗೆ ಇಳಿಯಲು ಶುರುವಾಗಿ ಬಿಸಿಲು ಏರುವ ಹೊತ್ತಿಗೆ ಹೊರಟುಬಿಡುತ್ತವೆ. ಫೆಬ್ರವರಿ ಕೊನೆಗೆ ಬಂದವರಿಗೆ ಖಾಲಿ ನೀರು ಸಿಕ್ಕರೆ ಬೇಜಾರು ಮಾಡಿಕೊಳ್ಳಬಾರದು. ಒಂದು ಮಾತನ್ನು ಬುಕಿಂಗ್‌ಗೂ ಮೊದಲೇ ಎಲ್ಲರಿಗೂ ಹೇಳುತ್ತೇನೆ: ಇದು ಮಳೆ ಕಡಿಮೆಯ ಸೀಮೆ. ಹಿಂಗಾರಿ ಮಳೆ ಕೈಕೊಟ್ಟ ವರ್ಷ ಕೆರೆ ತುಂಬುವುದಿಲ್ಲ. ಕೆರೆ ತುಂಬದಿದ್ದರೆ ಹೆಬ್ಬಾತುಗಳು ಬೇರೆ ನೀರು ಹುಡುಕಿಕೊಂಡು ಹೋಗುತ್ತವೆ. ಆದ್ದರಿಂದ ಅಕ್ಟೋಬರ್ ಕೊನೆಗೆ ಒಂದು ಫೋನು ಮಾಡಿ, ನೀರು ಎಷ್ಟಿದೆ ಎಂದು ಕೇಳಿಕೊಂಡು ಟಿಕೆಟ್ ತೆಗೆಸಿ.

ಊಟ, ಹೊಲ, ಜನ ನೋಡಬೇಕೆಂದರೆ ಶೀಗಿ ಹುಣ್ಣಿಮೆ ಅಥವಾ ಎಳ್ಳ ಅಮಾವಾಸ್ಯೆಗೆ ಬನ್ನಿ. ಚರಗ ಚೆಲ್ಲಲು (ಭೂಮಿತಾಯಿಗೆ ಎಡೆ ಕೊಡಲು) ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ, ನೀವೂ ಬರಬಹುದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರು ಬುತ್ತಿ ಎಲ್ಲವೂ ಮೊದಲು ಭೂಮಿತಾಯಿಗೆ, ಆಮೇಲೆ ನಮಗೆ. ಎಳ್ಳ ಅಮಾವಾಸ್ಯೆ ಬರುವುದು ಹೆಬ್ಬಾತುಗಳು ಇರುವ ಹೊತ್ತಿನಲ್ಲೇ. ನನ್ನನ್ನು ಕೇಳಿದರೆ ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಮನೆ ಕೊಡುವುದಿಲ್ಲ. ಅದು ಮಾಳಿಗೆಗೆ ಮಣ್ಣು ಹಾಕಿಸುವ, ಗೋಡೆ ಸಾರಿಸುವ ಕಾಲ.

ಎಷ್ಟು ಜನ ಉಳ್ಕೋಬಹುದು? ಎ.ಸಿ., ಟಿವಿ ಇದೆಯಾ?

ಮೂರು ಕೋಣೆ, ಎಂಟು ಜನ. ಎ.ಸಿ. ಇಲ್ಲ, ಟಿವಿ ಇಲ್ಲ. ಗೋಡೆ ಎರಡು ಮೊಳಕ್ಕಿಂತ ದಪ್ಪವಿರುವುದರಿಂದ ಒಳಗೆ ತಂಪು. ಜೊತೆಗೆ ಫ್ಯಾನು ಇದೆ. ಪಾಯಖಾನೆ, ಬಚ್ಚಲು ಹೊಸದಾಗಿ ಕಟ್ಟಿಸಿದ್ದು. ಬಿಸಿನೀರಿಗೆ ಸೋಲಾರ್ ಇದೆ, ಮೋಡವಿದ್ದ ದಿನ ಹಂಡೆಗೆ ಒಲೆ ಹಚ್ಚುತ್ತೇವೆ. ಮೊಬೈಲ್ ಸಿಗ್ನಲ್ ಮಾಳಿಗೆ ಮೇಲೆ ಚೆನ್ನಾಗಿ ಸಿಗುತ್ತದೆ, ದಪ್ಪ ಗೋಡೆಯ ಒಳಗೆ ಕಡಿಮೆ.

ಊಟಕ್ಕೆ ಏನು ಸಿಗುತ್ತೆ? ನಾನ್‌ವೆಜ್ ಮಾಡಿಕೊಡ್ತೀರಾ?

ಮನೆಯ ಅಡುಗೆಯೇ, ಸಸ್ಯಾಹಾರ ಮಾತ್ರ. ಬಿಳಿಜೋಳದ ರೊಟ್ಟಿ ಬಿಸಿಯದೂ ಇರುತ್ತದೆ, ಖಡಕ್ಕೂ ಇರುತ್ತದೆ. ಮುಳ್ಳಗಾಯಿ ಎಣ್ಣೆಗಾಯಿ, ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಗುರೆಳ್ಳು, ಅಗಸಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಕೆನೆಮೊಸರು. ಸಂಜೆಗೆ ಗಿರ್ಮಿಟ್, ಮಿರ್ಚಿ. ಖಾರ ಕಡಿಮೆ ಬೇಕೆಂದರೆ ಹಿಂದಿನ ದಿನವೇ ಹೇಳಿ. ರೊಟ್ಟಿ ಬಡಿಯುವುದನ್ನು ಕಲಿಯಬೇಕೆನ್ನುವವರು ಒಲೆಯ ಮುಂದೆ ಬಂದು ಕೂರಬಹುದು, ಯಾರೂ ಬೇಡ ಅನ್ನುವುದಿಲ್ಲ.

ಮಕ್ಕಳು ಕೆರೇಲಿ ಈಜಬಹುದಾ? ದೋಣಿ ಇದೆಯಾ?

ಎರಡೂ ಇಲ್ಲ. ಮಾಗಡಿ ಕೆರೆ ಅರಣ್ಯ ಇಲಾಖೆ ನೋಡಿಕೊಳ್ಳುವ ಪಕ್ಷಿ ಸಂರಕ್ಷಣಾ ಮೀಸಲು. ನೀರಿಗೆ ಇಳಿಯುವುದು, ಡ್ರೋನ್ ಹಾರಿಸುವುದು, ಪಟಾಕಿ ಹೊಡೆಯುವುದು, ಹಿಂಡಿನ ಹತ್ತಿರ ನುಗ್ಗಿ ಫೋಟೋ ತೆಗೆಯುವುದು ಯಾವುದೂ ನಮ್ಮಲ್ಲಿ ನಡೆಯುವುದಿಲ್ಲ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಇಲ್ಲಿರುವ ಮೂರು ನಾಲ್ಕು ತಿಂಗಳಲ್ಲಿ ಮೈ ತುಂಬಿಕೊಂಡು ವಾಪಸ್ ಹೋಗಬೇಕು. ಒಂದೊಂದು ಸಲ ಎಬ್ಬಿಸಿದಾಗಲೂ ಅದು ಕೂಡಿಟ್ಟುಕೊಂಡ ಶಕ್ತಿ ಖರ್ಚಾಗುತ್ತದೆ. ಮಕ್ಕಳಿಗೆ ಬಾವಿ ಕಟ್ಟೆ ಪಕ್ಕದ ತೊಟ್ಟಿ ಇದೆ, ಸೊಂಟದ ಮಟ್ಟದ ನೀರು. ಅದರಲ್ಲಿ ಎಷ್ಟು ಹೊತ್ತು ಬೇಕಾದರೂ ಆಡಲಿ.

## ಮನೆಯ ಬಗ್ಗೆ

ಮನಿ ಎಷ್ಟ್ ಹಳೇದ್ರಿ? ಊರು ಬಿಟ್ಟು ಹೊಲದಾಗ ಯಾಕ ಕಟ್ಟಿದ್ರು?

ಒಂದೇ ಸಲಕ್ಕೆ ಕಟ್ಟಿದ ಮನೆಯಲ್ಲ. ಮೊದಲು ಬಾವಿ ಬಂತು. ಅಜ್ಜನ ಅಪ್ಪ ಬಾವಿ ತೋಡಿಸಿ ಕಪಿಲೆ (ಎತ್ತುಗಳಿಂದ ಬಾವಿ ನೀರೆತ್ತುವ ಸಾಧನ) ಹೂಡಿದ ಮೇಲೆ ಎತ್ತುಗಳಿಗೆ, ಕಾವಲಿಗೆ ಇರುವವರಿಗೆ ಒಂದು ಅಂಕಣದ (ಎರಡು ಕಂಬಸಾಲುಗಳ ನಡುವಿನಷ್ಟು ಜಾಗದ) ಕೋಣೆ ಬೇಕಾಯಿತು. ನಮ್ಮ ಕಡೆ ಒಕ್ಕಲಿಗರ, ಅಂದರೆ ಬೇಸಾಯದವರ, ಮನೆಗಳೆಲ್ಲ ಊರೊಳಗೇ ಇರುತ್ತವೆ. ಹೊಲದಲ್ಲಿ ಮನೆ ಇದ್ದರೆ ಅಲ್ಲಿ ನೀರಾವರಿ ಇತ್ತು ಎಂದೇ ತಿಳಿಯಬೇಕು. ಅಜ್ಜನ ಕಾಲದಲ್ಲಿ ಪಡಸಾಲೆ, ದೇವರಮನೆ ಸೇರಿದವು. ಕಂಬಗಳ ಬೋದಿಗೆ (ಕಂಬದ ತಲೆಯ ಮೇಲೆ ಕೂರುವ ಮರದ ತುಂಡು) ನೋಡಿದರೆ ಇದು ಗೊತ್ತಾಗುತ್ತದೆ: ಒಳಗಿನ ಎರಡು ಕಂಬಕ್ಕೆ ಕೆತ್ತನೆಯಿಲ್ಲ, ಪಡಸಾಲೆಯ ಆರು ಕಂಬಗಳಲ್ಲಿ ಗಿಳಿ, ಕಮಲದ ಮೊಗ್ಗು ಇವೆ. ಸುಗ್ಗಿ ಚೆನ್ನಾಗಿ ಬಂದ ವರ್ಷಗಳ ಕೆಲಸ ಅದು. ಕಪಿಲೆ ಹೋಗಿ ಪಂಪ್‌ಸೆಟ್ ಬಂದ ಮೇಲೆ ಇಲ್ಲಿ ರಾತ್ರಿ ಇರುವವರು ಬೇಕಾಗಲಿಲ್ಲ. ಮನೆ ಖಾಲಿಯಾಯಿತು, ಮಾಳಿಗೆಗೆ ಮಣ್ಣು ಹಾಕುವವರಿಲ್ಲದೆ ಹಿಂದಿನ ಅಂಕಣ ಕುಸಿಯಿತು.

ಮಣ್ಣಿನ ಮಾಳಗಿ ಮಳಿಗಾಲದಾಗ ಸೋರಾಂಗಿಲ್ಲೇನ್ರೀ?

ವರ್ಷಕ್ಕೊಮ್ಮೆ ಮಣ್ಣು ಹಾಕಿದರೆ ಸೋರುವುದಿಲ್ಲ. ಮಣ್ಣು ಎಂದರೆ ಯಾವುದೋ ಮಣ್ಣಲ್ಲ. ಸವಳು ಮಣ್ಣೇ ಆಗಬೇಕು.

ಮಾಳಿಗೆಯನ್ನು ಕೆಳಗಿನಿಂದ ನೋಡುತ್ತ ಹೋಗಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಗೇಣು ಗೇಣಿಗೆ ಜಂತೆ. ಜಂತೆಗಳ ಮೇಲೆ ಅಡ್ಡಡ್ಡ ಸಣ್ಣ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹಾಸು. ಗೆದ್ದಲು ಹತ್ತದಿರಲಿ ಎಂದು ಆ ಸೊಪ್ಪು. ಆಮೇಲೆ ತುಳಿದು ಹದಮಾಡಿದ ಕೆಸರುಮಣ್ಣಿನ ಮುದ್ದೆ, ಎಲ್ಲಕ್ಕೂ ಮೇಲೆ ಸವಳು. ಬೆಳೆ ಬಾರದ ಸವಳು ನೆಲದಿಂದ ತರುವ ಈ ಬೂದುಬಣ್ಣದ ಮಣ್ಣಿನಲ್ಲಿ ಸೋಡಿಯಂ ಅಂಶ ಜಾಸ್ತಿ. ನೀರು ಬಿದ್ದ ಕೂಡಲೇ ಮಣ್ಣಿನ ಕಣಗಳು ಬಿಡಿಸಿಕೊಂಡು, ಉಬ್ಬಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮೊದಲ ಮಳೆಗೆ ಮೇಲಿನ ಒಂದು ಬೆರಳಿನಷ್ಟು ಪದರ ನೆನೆದು ಬಿಗಿಯಾದರೆ, ಆಮೇಲೆ ಬಿದ್ದ ನೀರು ಕೆಳಗಿಳಿಯದೆ ಹರನಾಳದ (ನೀರು ಹೊರಬೀಳುವ ಕೊಳವೆಯ) ಕಡೆ ಹರಿಯುತ್ತದೆ. ಹೊಲಕ್ಕೆ ಶಾಪವಾದ ಗುಣ ಮಾಳಿಗೆಗೆ ವರ ಆಯಿತು. ಇದನ್ನು ಮೊದಲು ಕಂಡುಕೊಂಡವರ ಕಣ್ಣಿಗೆ ಕೈ ಮುಗಿಯಬೇಕು.

ಮಾಳಿಗೆ ಕೆಡುವುದು ಮಳೆಯಿಂದಲ್ಲ, ಗಮನ ತಪ್ಪುವುದರಿಂದ. ಕುಂಬಿಯ (ಮಾಳಿಗೆ ಅಂಚಿನ ಗಿಡ್ಡ ಗೋಡೆಯ) ಬುಡದಲ್ಲಿ ಹುಲ್ಲು ಹುಟ್ಟಿದರೆ ಬೇರಿನ ದಾರಿಯಲ್ಲಿ ನೀರು ಇಳಿಯುತ್ತದೆ. ಹರನಾಳದ ಬಾಯಿಗೆ ಕಸ ಕಟ್ಟಿದರೆ ನೀರು ನಿಲ್ಲುತ್ತದೆ. ಇಲಿ ತೋಡಿದ ಒಂದು ಬಿಲ ಸಾಕು, ಒಂದು ಜಂತೆ ಕೊಳೆಯಲು. ಅದಕ್ಕೇ ಮಳೆಗಾಲದಲ್ಲಿ ಪ್ರತಿ ದೊಡ್ಡ ಮಳೆಯ ಮರುದಿನ ಯಾರಾದರೂ ಮೇಲೆ ಹತ್ತಿ ನೋಡಿ ಬರುತ್ತೇವೆ.

ಮಾಳಿಗೆಯ ಮಧ್ಯದಲ್ಲಿರುವ ಬೆಳಕಿಂಡಿಯ ಬಗ್ಗೆಯೂ ಕೇಳುತ್ತಾರೆ. ಅಡುಗೆಮನೆಯ ಹೊಗೆ ಹೋಗುವುದೂ ಅಲ್ಲಿಂದಲೇ, ಬೆಳಕು ಬೀಳುವುದೂ ಅಲ್ಲಿಂದಲೇ. ಮಳೆ ಬಂದರೆ ಮೇಲೊಂದು ಕಲ್ಲಿನ ಹಲಗೆ ಸರಿಸುತ್ತೇವೆ.

ಇಷ್ಟೆಲ್ಲಾ ಖರ್ಚು ಮಾಡಿದೀರಿ, ಒಂದ್ಸಲ ಸಿಮೆಂಟ್ ಹಾಕಿಸಿಬಿಟ್ಟಿದ್ರೆ ಕಾಟ ಇರ್ತಿರಲಿಲ್ಲ ಅಲ್ವಾ?

ಬಂದ ಗೌಂಡಿಗಳಲ್ಲಿ ಬಹಳಷ್ಟು ಜನ ಇದನ್ನೇ ಹೇಳಿದರು. ನಾನು ಒಪ್ಪದಿರಲು ಎರಡು ಕಾರಣಗಳಿವೆ.

ಒಂದು, ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಗಾಳಿಗೆ ಬಿಡುತ್ತದೆ. ಕೆರೆಯ ಪಕ್ಕದಲ್ಲಿ ಈ ಎಳೆಯುವುದು ಬಿಡುವುದು ವರ್ಷವಿಡೀ ನಡೆದಿರುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರಗೆ ಬರುವ ದಾರಿ ಇಲ್ಲ. ಒಳಗೇ ನಿಂತು ಇನ್ನೂ ಮೇಲಕ್ಕೇರುತ್ತದೆ. ತೇವದ ಜೊತೆ ಬಂದ ಉಪ್ಪು ಹರಳುಗಟ್ಟಿ ಗೋಡೆಯ ಮೈಯನ್ನು ಪುಡಿ ಮಾಡುತ್ತದೆ. ಹೊರಗೆ ನೋಡಿದರೆ ಗಟ್ಟಿ ಪ್ಲಾಸ್ಟರು, ಒಳಗೆ ಬೂದಿಯಾದ ಮಣ್ಣು. ಒಂದು ದಿನ ಹಾಳೆ ಹಾಳೆಯಾಗಿ ಬೀಳುತ್ತದೆ, ಜೊತೆಗೆ ಗೋಡೆಯ ಪಾದವನ್ನೂ ಕಿತ್ತುಕೊಂಡು ಹೋಗುತ್ತದೆ. ಹಿಂದಿನ ಅಂಕಣದ ಒಂದು ಗೋಡೆಗೆ ಹಿಂದೆ ಯಾರೋ ಸಿಮೆಂಟ್ ಹಚ್ಚಿದ್ದರು. ಅದನ್ನು ಕೆದಕಿ ತೆಗೆದಾಗ ಮೊಣಕಾಲೆತ್ತರದವರೆಗೆ ಗೋಡೆ ಬೆರಳಿನಿಂದ ತೋಡಬಹುದಾದಷ್ಟು ಮೆತ್ತಗಾಗಿತ್ತು. ಆ ಜಾಗದಲ್ಲಿ ಒಂದೇ ಒಂದು ಮೊಳ ಗೋಡೆ ತೆಗೆದು, ಕಲ್ಲು ಕೂಡಿಸಿ, ಮತ್ತೊಂದು ಮೊಳಕ್ಕೆ ಹೋಗುತ್ತ, ಮಾಳಿಗೆಗೆ ಊರುಗೋಲು ಕೊಟ್ಟು ಪಾದ ಬದಲಿಸಬೇಕಾಯಿತು.

ಎರಡು, ನೆಲ. ಇದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮಣ್ಣು, ಸುಣ್ಣದ ಕಟ್ಟಡ ನೆಲದ ಜೊತೆ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಬಿರುಕು ಬಿಟ್ಟರೂ ಕೂದಲೆಳೆಯಷ್ಟು, ಸಾರಿಸಿದರೆ ಮುಚ್ಚುತ್ತದೆ. ಸಿಮೆಂಟು ಬಗ್ಗುವುದಿಲ್ಲ, ಸೀಳುತ್ತದೆ.

ಹಾಗಾಗಿ ಒಳಗೋಡೆಗೆ ಮಣ್ಣು, ಸಗಣಿ, ಹೊಟ್ಟಿನ ಗಿಲಾವು. ಹೊರಗೋಡೆಗೆ ವಾರಗಟ್ಟಲೆ ನೀರಲ್ಲಿ ಕೊಳೆಸಿದ ಸುಣ್ಣ ಮತ್ತು ಮರಳಿನ ಗಾರೆ. ಬಚ್ಚಲು, ಪಾಯಖಾನೆಗೆ ಮಾತ್ರ ಸಿಮೆಂಟ್ ಬಳಸಿದ್ದೇವೆ. ಅದೂ ಹಳೆಗೋಡೆಗೆ ತಾಗದಂತೆ ಹಿತ್ತಲಲ್ಲಿ ಬೇರೆಯಾಗಿ ಕಟ್ಟಿಸಿದ್ದು. ರಾತ್ರಿ ಹತ್ತು ಹೆಜ್ಜೆ ಹೊರಗೆ ನಡೆಯಬೇಕಲ್ಲ ಎಂದು ಕೆಲವರಿಗೆ ಕಿರಿಕಿರಿ. ಮನೆ ಉಳಿಯಬೇಕಾದರೆ ನೀರಿನ ಪೈಪು ಮಣ್ಣಿನ ಗೋಡೆಯೊಳಗೆ ಹೋಗಬಾರದು.

ದನ ಕಟ್ಟೋ ಜಾಗದಲ್ಲಿ ಮಲಗಿಸ್ತೀರಂತೆ, ನಿಜನಾ?

ನಿಜ, ಮೂರರಲ್ಲಿ ಒಂದು ಕೋಣೆ ಹಳೆಯ ದನದಕ್ಕಿ. ತಲೆಬಾಗಿಲಿನಿಂದ ಒಳಗೆ ಬಂದರೆ ತಗ್ಗಿನಲ್ಲಿ ದನ, ಎರಡು ಮೆಟ್ಟಿಲು ಎತ್ತರದಲ್ಲಿ ಪಡಸಾಲೆಯ ಮೇಲೆ ಮನುಷ್ಯರು, ಎಲ್ಲ ಒಂದೇ ಮಾಳಿಗೆಯ ಕೆಳಗೆ. ಇಲ್ಲಿನ ಮನೆಗಳು ಇದ್ದದ್ದೇ ಹೀಗೆ. ಕಳ್ಳರ ಭಯ, ಚಳಿ, ರಾತ್ರಿ ಹುಲ್ಲು ಹಾಕುವ ಅನುಕೂಲ ಎಲ್ಲಕ್ಕೂ ಅದೇ ಸರಿ. ನೆಲದ ಕಲ್ಲುಹಾಸು ಎಬ್ಬಿಸಿ, ಕೆಳಗಿನ ಮಣ್ಣು ಬದಲಿಸಿ, ಮತ್ತೆ ಅದೇ ಕಲ್ಲು ಕೂಡಿಸಿದ್ದೇವೆ. ಗ್ವಾದಲಿ (ದನಕ್ಕೆ ಮೇವು ಹಾಕುವ ಜಾಗ) ಹಾಗೇ ಇದೆ, ಅದರ ಮೇಲೆ ಹಲಗೆ ಹಾಕಿದರೆ ನಿಮ್ಮ ಚೀಲ ಇಡಲು ಜಾಗ. ಬೇಸಿಗೆಯಲ್ಲಿ ಮನೆಯೊಳಗೆ ಅತಿ ತಂಪಾದ ಕೋಣೆ ಇದೇ.

ಪಡಸಾಲೆ ನೆಲದಲ್ಲಿರೋ ಕಲ್ಲಿನ ಮುಚ್ಚಳ ಏನು? ಒಳಗೆ ಹೋಗಬಹುದಾ?

ಅದು ಹಗೇವು, ಜೋಳ ಕೂಡಿಡುವ ನೆಲಗುಂಡಿ. ಒಳಗೆ ಮಡಕೆಯ ಹೊಟ್ಟೆಯ ಹಾಗೆ ಅಗಲ, ಬಾಯಿ ಮಾತ್ರ ಸಣ್ಣದು. ಸುತ್ತ ಹುಲ್ಲು ಹೊಂದಿಸಿ ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ಗಾಳಿ ಆಡದೆ ಹುಳು ಹಿಡಿಯುವುದಿಲ್ಲ. ಇಳಿಯಲು ಯಾರಿಗೂ ಬಿಡುವುದಿಲ್ಲ. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಬಾಯಿ ತೆರೆದು ಒಂದು ದಿನ ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಹಿರಿಯರು ಆಳನ್ನು ಇಳಿಸುತ್ತಿದ್ದರು. ಈಗ ಅದು ಖಾಲಿ. ಮುಚ್ಚಳ ಸರಿಸಿ ಬ್ಯಾಟರಿ ಬಿಟ್ಟು ತೋರಿಸುತ್ತೇವೆ.

## ಕೆರೆ ಮತ್ತು ಹಕ್ಕಿ

ಇದು ತಾನಾಗಿ ಆದ ಕೆರೆನಾ, ಕಟ್ಟಿಸಿದ್ದಾ?

ಕಟ್ಟಿಸಿದ್ದು, ಹೊಲಕ್ಕೆ ನೀರುಣಿಸಲು. ಏರಿ, ತೂಬು, ಕೋಡಿ ಎಲ್ಲವೂ ಇವೆ. ಕೆರೆಯ ವಿಸ್ತಾರ ಸುಮಾರು 134 ಎಕರೆ. ಸುತ್ತಲಿನ ಸುಮಾರು 900 ಹೆಕ್ಟೇರ್ ಜಮೀನಿನ ಮಳೆನೀರು ಹರಿದು ಇಲ್ಲಿಗೆ ಸೇರುತ್ತದೆ. ಬೇರೆ ನೀರಿನ ಮೂಲ ಇಲ್ಲ. ನೀರು ಆಳವಿಲ್ಲ, ದಂಡೆ ಇಳಿಜಾರು, ಸುತ್ತ ಬಯಲು. ದೊಡ್ಡ ಹಿಂಡಿಗೆ ಬೇಕಾದ್ದು ಅದೇ: ಇಳಿಯಲು ತೆರೆದ ನೀರು, ಯಾರು ಬಂದರೂ ದೂರದಿಂದಲೇ ಕಾಣುವ ದಂಡೆ. ‘ಚೆಂದ ಕಾಣಲಿ’ ಎಂದು ಕೆರೆ ಸುತ್ತ ಗಿಡ ನೆಡೋಣ ಎನ್ನುವ ಉತ್ಸಾಹಿಗಳಿಗೆ ನಾನು ಕೈಮುಗಿದು ಹೇಳುವುದು ಇದನ್ನೇ. ಹೆಬ್ಬಾತುಗಳಿಗೆ ಬಯಲೇ ಬೇಕು.

ಈ ಹೆಬ್ಬಾತುಗಳು ಎಲ್ಲಿಂದ ಬರ್ತವೆ? ಹಿಮಾಲಯ ದಾಟಿ ಬರ್ತವೆ ಅನ್ನೋದು ಖರೇನಾ?

ಖರೆ. ಮಂಗೋಲಿಯಾ, ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲು ಹೊರಡುತ್ತವೆ. ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ವಿಜ್ಞಾನಿಗಳು ಅಳೆದಾಗ 7,000 ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಇವುಗಳ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕ ಹಿಡಿಯುತ್ತದೆ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯಲು ಸಾಧ್ಯವಾಗುವುದಕ್ಕೆ ಅದೂ ಒಂದು ಕಾರಣ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ನಿಮ್ಮ ಫೋಟೋದಲ್ಲಿ ಅಂಥ ಪಟ್ಟಿ ಕಂಡರೆ ಅದರ ಅಕ್ಷರ, ಸಂಖ್ಯೆ ಬರೆದುಕೊಂಡು ಅರಣ್ಯ ಸಿಬ್ಬಂದಿಗೆ ತಿಳಿಸಿ.

ಗುರುತು ಸುಲಭ: ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಚಳಿಗಾಲದಲ್ಲಿ ಇಲ್ಲಿಗೆ ಸುಮಾರು 8,000ದಷ್ಟು ಬರುತ್ತವೆ. ದಕ್ಷಿಣ ಭಾರತದಲ್ಲಿ ಈ ಹಕ್ಕಿಯ ದೊಡ್ಡ ತಂಗುದಾಣಗಳಲ್ಲಿ ಮಾಗಡಿ ಒಂದು.

ಫೋಟೋ ತೆಗೆಯೋಕೆ ಯಾವ ಹೊತ್ತು ಒಳ್ಳೇದು?

ನಸುಕು ಮತ್ತು ಇಳಿಹೊತ್ತು. ಹಗಲಲ್ಲಿ ಹೆಬ್ಬಾತುಗಳು ನೀರಿನ ಮೇಲೆ, ದಂಡೆಯಲ್ಲಿ ತಲೆ ರೆಕ್ಕೆಯೊಳಗೆ ಹಾಕಿ ವಿಶ್ರಾಂತಿ ತೆಗೆದುಕೊಳ್ಳುತ್ತವೆ. ಸಂಜೆ ಸಾಲು ಸಾಲಾಗಿ ಎದ್ದು ಹೊಲಗಳಿಗೆ ಹೋಗುತ್ತವೆ, ರಾತ್ರಿಯೂ ಮೇಯುತ್ತವೆ. ಬೆಳಗ್ಗೆ 6ಕ್ಕೆ ಏರಿಯ ಮೇಲೆ ಇದ್ದರೆ ಮೊದಲು ದನಿ ಕೇಳುತ್ತದೆ, ಆಮೇಲೆ ಬಾಣದ ತುದಿಯ ಆಕಾರದ ಸಾಲುಗಳು ಕಾಣುತ್ತವೆ. ಸೂರ್ಯ ಬೆನ್ನಿಗಿರುವ ಕಡೆ ನಿಂತುಕೊಳ್ಳಿ, ಕೂತುಕೊಂಡರೆ ಇನ್ನೂ ಒಳ್ಳೆಯದು. ಕೆಂಪು, ಬಿಳಿ ಬಟ್ಟೆ ಬೇಡ.

ಹೆಬ್ಬಾತಿನ ಗದ್ದಲದಲ್ಲಿ ಉಳಿದವನ್ನು ಮರೆಯಬೇಡಿ. ಬಣ್ಣದ ಕೊಕ್ಕರೆ, ಹಾವಕ್ಕಿ, ಬಿಳಿ ಕೆಂಬರಲು, ನದಿ ರೀವ ಕೂಡ ಇಲ್ಲಿ ಸಿಗುತ್ತವೆ.

ಹಕ್ಕಿಗಳು ಹೊಲಕ್ಕೆ ಇಳಿದ್ರೆ ರೈತರು ಸುಮ್ನಿರ್ತಾರಾ?

ಇದನ್ನು ಕೇಳಿದವರ ಮೇಲೆ ನನಗೆ ಗೌರವ ಹೆಚ್ಚು. ಹೆಬ್ಬಾತು ಹುಲ್ಲು ಮೇಯುವ ಹಕ್ಕಿ. ಕಡಲೆ, ಗೋಧಿ, ಶೇಂಗಾ ಮೊಳಕೆ ಎದ್ದ ಹೊಲ ಸಿಕ್ಕರೆ ಅದೂ ಅದಕ್ಕೆ ಮೇವೇ. ಹಿಂಡು ಇಳಿದ ಹೊಲದಲ್ಲಿ ಮರುದಿನ ಸಾಲು ಬೋಳಾಗಿರುವುದನ್ನು ನಾವೂ ನೋಡಿದ್ದೇವೆ. ಆದರೂ ಇಲ್ಲಿನ ಜನ ಬಂದೂಕು ಹಿಡಿಯಲಿಲ್ಲ, ವಿಷ ಇಡಲಿಲ್ಲ. ಡಬ್ಬಿ ಬಡಿದು, ಕೂಗಿ ಎಬ್ಬಿಸುತ್ತಾರೆ, ಅಷ್ಟೇ. ‘ದೂರದಿಂದ ಬಂದಾವು, ತಿಂದ್ ಹೋಗ್ಲಿ’ ಅನ್ನುವ ಮಾತನ್ನು ಬೆಳೆ ಕಳೆದುಕೊಂಡವರ ಬಾಯಲ್ಲೇ ಕೇಳಿದ್ದೇನೆ. ಕೆರೆ ಇವತ್ತು ಜಗತ್ತಿನ ನೀರುನೆಲೆಗಳ ರಾಮ್ಸಾರ್ ಪಟ್ಟಿಯಲ್ಲಿದ್ದರೆ ಅದಕ್ಕೆ ಬೆಲೆ ತೆತ್ತವರು ಈ ಸಣ್ಣ ಹಿಡುವಳಿದಾರರು. ಹಾಗೆಂದು ಅವರ ಒಳ್ಳೆಯತನವನ್ನು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ. ಬೆಳೆ ಹಾನಿಗೆ ಪರಿಹಾರ ಸಕಾಲಕ್ಕೆ ಅವರ ಕೈ ಸೇರಬೇಕು. ನಾವು ಅಡುಗೆಗೆ ಬೇಕಾದ ಕಾಳು, ಶೇಂಗಾ, ಹಾಲು, ತರಕಾರಿಯನ್ನು ಸುತ್ತಲಿನ ಹೊಲದವರಿಂದಲೇ ಕೊಳ್ಳುತ್ತೇವೆ. ನೀವೂ ಹೊರಡುವಾಗ ಒಂದಿಷ್ಟು ಕಡಲೆ, ಹಿಂಡಿ ಅವರಿಂದಲೇ ಒಯ್ಯಿರಿ. ಫೋಟೋ ತೆಗೆಯಲು ಹೊಲದೊಳಗೆ ಹೋಗುವುದಿದ್ದರೆ ಬದುವಿನ ಮೇಲೆ ಮಾತ್ರ ನಡೆಯಿರಿ. ಹಕ್ಕಿ ಬಿಟ್ಟಿದ್ದನ್ನು ನಮ್ಮ ಕಾಲು ತುಳಿಯಬಾರದು.

ರಾಮ್ಸಾರ್ ಅಂದ್ರೇನು? ಅದರಿಂದ ಊರಿಗೆ ಏನಾಯ್ತು?

ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ 1971ರ ಫೆಬ್ರವರಿ 2ರಂದು ಜೌಗು, ಕೆರೆ ಮುಂತಾದ ನೀರುನೆಲೆಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದರ ಪಟ್ಟಿಗೆ ಸೇರಿದ ತಾಣ ರಾಮ್ಸಾರ್ ತಾಣ. ಕರ್ನಾಟಕದಿಂದ ಮೊದಲು ಸೇರಿದ್ದು 2022ರಲ್ಲಿ ರಂಗನತಿಟ್ಟು. 2024ರ ಆರಂಭದಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಸೇರಿದವು. ಮಾಗಡಿಯಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ, ಅವುಗಳಲ್ಲಿ 130 ವಲಸೆ ಬರುವಂಥವು. ಪಟ್ಟಿಗೆ ಸೇರಿದ ಮೇಲೆ ಹೊರಗಿನ ಜನ ಬರುವುದು ಹೆಚ್ಚಾಗಿದೆ. ಕೆರೆಗೆ ನೀರು ತರುವ ಹಳ್ಳಗಳು ಒತ್ತುವರಿಯಾಗದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ.

## ಸೀಮೆಯ ಚರಿತ್ರೆ

ಎರಡು ದಿನ ಇರ್ತೀವಿ. ಸುತ್ತಮುತ್ತ ಏನೇನು ನೋಡಬಹುದು?

ಒಂದು ಪೂರ್ತಿ ದಿನ ಲಕ್ಷ್ಮೇಶ್ವರಕ್ಕೆ ಕೊಡಿ. ಹಳೆಯ ಪುಲಿಗೆರೆ, ‘ಪುಲಿಗೆರೆ-300’ ಎಂಬ ನಾಡಿನ ರಾಜಧಾನಿ. ಸೋಮೇಶ್ವರ ಗುಡಿಯ ಗರ್ಭಗುಡಿಯಲ್ಲಿ ಬರೀ ಲಿಂಗವನ್ನು ನಿರೀಕ್ಷಿಸಿ ಹೋದವರು ಬೆರಗಾಗುತ್ತಾರೆ. ಅಲ್ಲಿ ನಂದಿಯ ಮೇಲೆ ಕೂತ ಶಿವ-ಪಾರ್ವತಿಯರಿದ್ದಾರೆ. ಶರಣ ಆದಯ್ಯ ಸೌರಾಷ್ಟ್ರದಿಂದ ಸೋಮನಾಥನನ್ನು ಇಲ್ಲಿಗೆ ತಂದನೆಂಬ ಕಥೆ ಜನರ ಬಾಯಲ್ಲಿ ಇನ್ನೂ ಇದೆ. ಶಂಖ ಬಸದಿಯಲ್ಲಿ ಸಾವಿರಕ್ಕೂ ಹೆಚ್ಚು ಪುಟ್ಟ ಜಿನಬಿಂಬಗಳನ್ನು ಕೆತ್ತಿದ ಸಹಸ್ರಕೂಟವನ್ನು ಹತ್ತಿರದಿಂದ ನೋಡಿ. ಒಂದೊಂದು ಬಿಂಬವೂ ಹೆಬ್ಬೆರಳಿನಷ್ಟು. ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ 1617ರದು. ಬಸದಿ, ಗುಡಿ, ಮಸೀದಿ ಮೂರನ್ನೂ ಒಂದೇ ಬೆಳಗಿನಲ್ಲಿ ನಡೆದೇ ನೋಡಬಹುದು.

ಸಂಜೆ ಶಿರಹಟ್ಟಿಯ ಫಕೀರೇಶ್ವರ ಮಠ. ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮಠ ಅದು. ಎರಡನೇ ದಿನ ಗದಗಿನ ವೀರನಾರಾಯಣ, ತ್ರಿಕೂಟೇಶ್ವರ ನೋಡಿಕೊಂಡು ಲಕ್ಕುಂಡಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಅಲ್ಲಿದೆ. ಸಮಯ ಉಳಿದರೆ ಡಂಬಳದ ನಕ್ಷತ್ರಾಕಾರದ ದೊಡ್ಡಬಸಪ್ಪ ಗುಡಿ.

ಪಂಪ ಈ ಕಡೆಯವನಾ?

ಪಂಪ ತನ್ನ ಕಾವ್ಯವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದು ತಾನೇ ಹೇಳಿಕೊಂಡಿದ್ದಾನೆ. ಅವನಿಗಿಂತ ಒಂದು ಶತಮಾನ ಹಿಂದಿನ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಲ್ಕು ಊರು ಹೆಸರಿಸುವಾಗ ಕಿಸುವೊಳಲು, ಕೊಪಣ, ಒಂಕುಂದದ ಜೊತೆ ಪುಲಿಗೆರೆಯನ್ನೂ ಸೇರಿಸಿದೆ. ಪಂಪನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಹಾಕಿಸಿದ ಶಾಸನದ ಪ್ರಕಾರ ಅವರ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ತಂದೆಯ ಕಡೆಯವರು ವೆಂಗಿ ನಾಡಿನವರು. ಆಸ್ಥಾನ ಅರಿಕೇಸರಿಯದು, ವೇಮುಲವಾಡದಲ್ಲಿ. ತಾಯಿಯ ನಂಟೂ ಭಾಷೆಯ ನಂಟೂ ನಮ್ಮ ಸೀಮೆಯವು ಎಂದು ಧೈರ್ಯವಾಗಿ ಹೇಳಬಹುದು.

ಶಿರಹಟ್ಟಿ, ಲಕ್ಷ್ಮೇಶ್ವರ ಬೇರೆ ಬೇರೆ ರಾಜರ ಕೈಯಾಗ ಇದ್ವಂತ?

ಹೌದು. ಸ್ವಾತಂತ್ರ್ಯದವರೆಗೆ ಗದಗ ಬ್ರಿಟಿಷರ ಧಾರವಾಡ ಜಿಲ್ಲೆಗೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಎರಡೂ ಸಂಸ್ಥಾನ ಮರಾಠಿ ಮಾತಿನ ಪಟವರ್ಧನ ಮನೆತನದವು. ಒಂದು ಸಂತೆಯಿಂದ ಇನ್ನೊಂದು ಸಂತೆಗೆ ಎತ್ತಿನ ಗಾಡಿ ಹೋಗುವಷ್ಟರಲ್ಲಿ ಸರ್ಕಾರ ಬದಲಾಗುತ್ತಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು, 1956ರಲ್ಲಿ ಕನ್ನಡನಾಡು ಒಂದಾಯಿತು, 1997ರಲ್ಲಿ ಧಾರವಾಡದಿಂದ ಗದಗ ಜಿಲ್ಲೆ ಬೇರೆಯಾಯಿತು.

ದುರಸ್ತಿಯ ವೇಳೆ ದೇವರಮನೆಯ ಗೋಡೆಯ ಗೂಡಿನಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಲಿಪಿ) ಕಾಗದಗಳು: ಕಂದಾಯ ಕಟ್ಟಿದ ಪಾವತಿ, ಸಾಲಪತ್ರ. ಕನ್ನಡ ಮಾತಾಡುವ ಒಕ್ಕಲಿಗನ ಮನೆಯಲ್ಲಿ ಮರಾಠಿ ಕಾಗದ ಯಾಕೆ ಎಂದು ಕೇಳುವವರಿಗೆ ಉತ್ತರ ಆ ಸಂಸ್ಥಾನಗಳ ಕಚೇರಿಗಳಲ್ಲಿದೆ. ಆ ಹಾಳೆಗಳನ್ನು ಗಾಜಿನೊಳಗೆ ಹಾಕಿಸಿ ಪಡಸಾಲೆಯಲ್ಲಿ ಇಟ್ಟಿದ್ದೇವೆ. ಮೋಡಿ ಓದಬಲ್ಲವರು ಬಂದರೆ ದಯವಿಟ್ಟು ಒಂದು ಗಂಟೆ ನಮಗೆ ಕೊಡಿ.

## ಸ್ವಂತ ಹಳೆಮನೆ ಇರುವವರಿಗೆ

ನಮ್ಮೂರಾಗೂ ಇಂಥಾ ಮನಿ ಬಿದ್ದೈತ್ರಿ. ಎಲ್ಲಿಂದ ಶುರು ಮಾಡೋಣ?

ನೀರು ನಿಲ್ಲಿಸುವುದರಿಂದ. ಉಳಿದ ಕೆಲಸಕ್ಕೆ ದುಡ್ಡಿಲ್ಲದಿದ್ದರೂ ಈ ವರ್ಷ ಮಾಳಿಗೆಯ ಹುಲ್ಲು ಕಿತ್ತು, ಹರನಾಳ ತೆರವು ಮಾಡಿ, ಎರಡು ಟ್ರ್ಯಾಕ್ಟರ್ ಸವಳು ಹಾಕಿಸಿ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಸುತ್ತ ಇಳಿಜಾರು ಮಾಡಿ. ಇಷ್ಟಾದರೆ ಮನೆ ಇನ್ನೂ ಕೆಲವು ವರ್ಷ ಕಾಯುತ್ತದೆ.

ಆಮೇಲೆ ಕಟ್ಟಿಗೆ. ಪ್ರತಿ ತೊಲೆ, ಪ್ರತಿ ಜಂತೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಮರ ಖಣಿಲ್ ಅನ್ನುತ್ತದೆ, ಗೆದ್ದಲು ತಿಂದದ್ದು ಮಂಕಾಗಿ ಕೇಳುತ್ತದೆ. ಕೊಳೆಯುವುದು ಬಹುಪಾಲು ಗೋಡೆಯೊಳಗೆ ಕೂತ ತುದಿಯಲ್ಲಿ. ತುದಿ ಮಾತ್ರ ಹೋಗಿದ್ದರೆ ಇಡೀ ತೊಲೆ ಬದಲಿಸಬೇಕಿಲ್ಲ, ಜೋಡು ಹಾಕಬಹುದು. ಹಳೆಯ ಕಂಬ, ಬಾಗಿಲು ಕೊಳ್ಳುವ ವ್ಯಾಪಾರಿಗಳು ಇಂಥ ಮನೆಗಳ ವಾಸನೆ ಹಿಡಿದು ಬರುತ್ತಾರೆ. ಎಷ್ಟೇ ಬೆಲೆ ಹೇಳಿದರೂ ಒಂದು ಬೋದಿಗೆಯನ್ನೂ ಕೊಡಬೇಡಿ. ಆ ಮರ, ಆ ಕೆತ್ತನೆ ಮತ್ತೆ ಆ ಬೆಲೆಗೆ ಸಿಗುವುದಿಲ್ಲ.

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದು, ಕಲ್ಲಿಗೂ ಕಟ್ಟಿಗೆಗೂ ಸುಣ್ಣದಲ್ಲಿ ನಂಬರ್ ಹಾಕಿ. ಕೂಲಿಯ ಖರ್ಚೇ ಹೆಚ್ಚು, ಸಾಮಾನಿನದು ಕಡಿಮೆ. ಬಿದ್ದ ಗೋಡೆಯ ಮಣ್ಣನ್ನೇ ನೆನೆಸಿ ತುಳಿದು ಮತ್ತೆ ಬಳಸಬಹುದು. ಸಂಕ್ರಾಂತಿ ಮುಗಿದ ಕೂಡಲೇ ಕೆಲಸ ಹಿಡಿಯಿರಿ. ಮಣ್ಣಿನ ಗೋಡೆಯನ್ನು ದಿನಕ್ಕೆ ಒಂದು ಪಟ್ಟಿಗಿಂತ ಹೆಚ್ಚು ಏರಿಸಬಾರದು, ಕೆಳಗಿನದು ಆರಿದ ಮೇಲೇ ಮುಂದಿನದು.

ನಿಮ್ಮ ಗೌಂಡಿಗಳನ್ನ ನಮ್ಮೂರಿಗೆ ಕಳಿಸ್ತೀರಾ?

ಕಳಿಸುತ್ತೇವೆ, ಆದರೆ ಮೊದಲು ನಿಮ್ಮೂರಲ್ಲೇ ಹುಡುಕಿ. ಮಾಳಿಗೆ ತುಳಿದು ಗೊತ್ತಿರುವ, ಎಪ್ಪತ್ತು ದಾಟಿದ ಒಬ್ಬರಾದರೂ ಸಿಗುತ್ತಾರೆ. ಅವರು ಏಣಿ ಹತ್ತಬೇಕಿಲ್ಲ, ಕಟ್ಟೆಯ ಮೇಲೆ ಕೂತು ಹದ ಹೇಳಿದರೆ ಸಾಕು. ಸವಳು ನಿಮ್ಮ ಸೀಮೆಯಲ್ಲಿ ಯಾವ ಹೊಲದ್ದು ಒಳ್ಳೆಯದು ಎಂಬುದು ನಮ್ಮ ಗೌಂಡಿಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ನಮ್ಮವರು ಬರಬೇಕೆಂದರೆ ಫೆಬ್ರವರಿಯೊಳಗೆ ತಿಳಿಸಿ. ಏಪ್ರಿಲ್, ಮೇ ಎರಡೂ ತಿಂಗಳು ಅವರು ನಮ್ಮ ಮಾಳಿಗೆಯ ಮೇಲೆ ಇರುತ್ತಾರೆ.